ಹೆರಾಲ್ಡ್ ಬೆಲ್‌ನ 401 ಮ್ಯಾಚ್: ನಾನೇ ಕೂತು ಲೆಕ್ಕ ಹಾಕಿದ್ದು

ಲಿವರ್‌ಪೂಲ್ ಹತ್ತಿರದ ಟ್ರಾನ್‌ಮಿಯರ್ ರೋವರ್ಸ್ ಅನ್ನೋ ಕ್ಲಬ್‌ನ ಆಟಗಾರ ಹೆರಾಲ್ಡ್ ಬೆಲ್ ಹೆಸರು ನಮ್ಮಲ್ಲಿ ಫುಟ್‌ಬಾಲ್ ಹುಚ್ಚು ಹಿಡಿದೋರಿಗೂ ಅಷ್ಟಾಗಿ ಗೊತ್ತಿಲ್ಲ. ಯುದ್ಧ ಮುಗಿದ್ಮೇಲೆ 1946ರ ಆಗಸ್ಟ್ 31ಕ್ಕೆ ಇಂಗ್ಲೆಂಡ್‌ನಲ್ಲಿ ಲೀಗ್ ಮತ್ತೆ ಶುರುವಾಯ್ತಲ್ಲ, ಆ ದಿನದಿಂದ 1955ರ ಆಗಸ್ಟ್‌ವರೆಗೂ ಥರ್ಡ್ ಡಿವಿಷನ್ ನಾರ್ತ್‌ನಲ್ಲಿ (ಲೀಗ್‌ನ ಮೂರನೇ ಹಂತದ ಉತ್ತರ ಭಾಗ) ಒಂದೇ ಒಂದು ಲೀಗ್ ಮ್ಯಾಚ್ ತಪ್ಪಿಸ್ದೆ 401 ಆಡಿದಾನೆ. ಕೆಲಸಕ್ಕೆ ಅಂತ ಲಿವರ್‌ಪೂಲ್ ಕಡೆ ಬಂದ ನನಗೆ ಈ ನಂಬರ್ ತಲೇಲಿ ಕೂತುಬಿಡ್ತು, ಯಾರೋ ಬರೆದಿದ್ದನ್ನ ಓದೋದಲ್ಲ ನಾನೇ ಒಂದೊಂದು ಮ್ಯಾಚೂ ನೋಡಿ ಬರೀಬೇಕು ಅನ್ನಿಸ್ತು.

ಮೊದ್ಲು ಮಾಡಿದ್ದು ಒಂದು ಎಕ್ಸೆಲ್ ಶೀಟ್. ಮ್ಯಾಚ್‌ಗೊಂದು ಸಾಲು, ಆಮೇಲೆ ತಾರೀಖು, ಎದುರಾಳಿ, ಸ್ಕೋರ್, ಹನ್ನೊಂದು ಹೆಸರು ಅಷ್ಟೇ. 1965ರವರೆಗೂ ಲೀಗ್‌ನಲ್ಲಿ ಸಬ್‌ಸ್ಟಿಟ್ಯೂಟ್ ಇರ್ಲಿಲ್ಲ, ಹಂಗಾಗಿ ಹನ್ನೊಂದು ಹೆಸರು ಸಿಕ್ಕಿದ್ರೆ ಆ ಮ್ಯಾಚ್ ಮುಗೀತು. ನಮಗೆ ಕೆಲಸ ಸುಲಭ ಮಾಡೋ ಈ ರೂಲ್ ಆಟಗಾರನಿಗೆ ನರಕ, ಕಾಲು ಉಳುಕಿದ್ರೆ ಹೊರಗೆ ಬಂದು ಇನ್ನೊಬ್ಬನ್ನ ಕಳ್ಸೋ ಹಂಗಿಲ್ಲ, ವಿಂಗ್‌ಗೆ, ಅಂದ್ರೆ ಮೈದಾನದ ಅಂಚಿಗೆ ಹೋಗಿ ಕುಂಟ್ಕೊಂಡು ನಿಲ್ಬೇಕು.

ಆಮೇಲೆ ಲೆಕ್ಕ. ಆಗ ಡಿವಿಷನ್‌ನಲ್ಲಿ 22 ಕ್ಲಬ್, ಮಿಕ್ಕ 21ರ ಜೊತೆ ಎರಡೆರಡು ಸಲ, ಅಂದ್ರೆ ಸೀಸನ್‌ಗೆ 42 ಮ್ಯಾಚ್. ನಾಲ್ಕು ಸೀಸನ್‌ಗೆ 168. 1950ರಲ್ಲಿ 24 ಕ್ಲಬ್ ಮಾಡಿದ್ರು, 46 ಮ್ಯಾಚ್ ಆಯ್ತು, ಐದು ಸೀಸನ್‌ಗೆ 230. ಒಟ್ಟು 398. ಮೇಲೆ 1955ರ ಆಗಸ್ಟ್‌ನ ಮೊದಲ ಮೂರು ಮ್ಯಾಚ್, ಅಲ್ಲಿಗೆ ಸರಿಯಾಗಿ 401! ಆಗಸ್ಟ್ 30ರ ಮ್ಯಾಚ್‌ಗೆ ಆತ ಇಲ್ಲ. ಇದು ಕೂಡಿ ಬಂದಾಗ ಆದ ಖುಷಿ ಹೇಳತೀರದು.

ಆದ್ರೆ ಪೇಪರ್ ಓದೋ ಕೆಲ್ಸ ಅಷ್ಟು ಸಲೀಸಲ್ಲ. ಶನಿವಾರ ಸಂಜೆ ಬರ್ತಿದ್ದ ಫುಟ್‌ಬಾಲ್ ಪೇಪರ್‌ಗಳು ಮ್ಯಾಚ್ ಮುಗಿದು ಸ್ವಲ್ಪ ಹೊತ್ತಿಗೇ ಅಂಗಡೀಲಿ ಇರ್ಬೇಕು, ವರದಿಗಾರ ಗ್ರೌಂಡಿಂದ ಫೋನಲ್ಲೇ ಹೇಳ್ತಿದ್ದ, ಅದಕ್ಕೇ ಫಸ್ಟ್ ಹಾಫ್ ಉದ್ದಕ್ಕೆ ಇರುತ್ತೆ ಸೆಕೆಂಡ್ ಹಾಫ್ ಎರಡೇ ಸಾಲು. ಗ್ರೌಂಡಲ್ಲಿ ಮಾರೋ ಪುಸ್ತಿಕೆ, ಮ್ಯಾಚ್ ಪ್ರೋಗ್ರಾಂನಲ್ಲಿರೋ ಟೀಮ್ ಅಂತೂ ಮುಂಚೇನೇ ಪ್ರಿಂಟಾಗಿದ್ದು, ನಂಬೋಕಾಗಲ್ಲ. ನಾನು ಸೋಮವಾರದ ಪೇಪರ್‌ನೇ ಆಧಾರ ಮಾಡ್ಕೊಂಡೆ, ಆಗೋದಾದ್ರೆ ಎದುರಾಳಿ ಊರಿನ ಪೇಪರ್ ಜೊತೆ ತಾಳೆ ನೋಡಿ. ಹಳೇ ಪೇಪರ್‌ಗಳ ವೆಬ್‌ಸೈಟ್ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಬರೀ ಸರ್‌ನೇಮ್ ಹಾಕಿ ಹುಡುಕಿದ್ರೆ 1935ರ ಡಿಸೆಂಬರ್ 26ಕ್ಕೆ ಓಲ್ಡಮ್ ಮೇಲೆ ಒಂಬತ್ತು ಗೋಲ್ ಹೊಡೆದ ಬನ್ನಿ ಬೆಲ್ ಬರ್ತಾನೆ, ಅವನೂ ಟ್ರಾನ್‌ಮಿಯರ್‌ನವನೇ, ಹಾಗಾಗಿ ಬೇಕಾದ ವರ್ಷಗಳಿಗಷ್ಟೇ ಮಿತಿ ಹಾಕಿ ಹುಡುಕಿ. 1946-47ರ ಚಳಿಗಾಲದಲ್ಲಿ ಹಿಮಕ್ಕೆ ರಾಶಿ ಮ್ಯಾಚ್ ಮುಂದಕ್ಕೆ ಹೋಗಿ ಸೀಸನ್ ಜೂನ್ 14ರವರೆಗೆ ಎಳೀತು, ಮೊದ್ಲಿನ ಫಿಕ್ಸ್ಚರ್ ಲಿಸ್ಟ್ ಬಿಟ್ಟು ಆಡಿದ ತಾರೀಖನ್ನೇ ಹಿಡೀರಿ. ಕಪ್ ಮ್ಯಾಚ್ ಬೇರೆ ಶೀಟಲ್ಲಿ ಇಡಿ, ಸೇರಿಸಿದ್ರೆ 459 ಆಗುತ್ತೆ, ಈ ಎರಡು ನಂಬರ್ ಕಲಸಿಕೊಳ್ಳುತ್ತೆ.

ಇಷ್ಟು ವರ್ಷ ಒಂದೇ ಕ್ಲಬ್ಬಲ್ಲಿ ಇದ್ದಿದ್ದನ್ನ ನಿಷ್ಠೆ ಅಂತ ಎಲ್ಲ ಹೊಗಳ್ತಾರೆ. ಇರಬಹುದು, ಆದ್ರೆ ಆಗಿನ ಕಾಯ್ದೆ ನೋಡಿ. ಪ್ರತಿ ಬೇಸಿಗೆ ಕ್ಲಬ್ ರಿಟೈನ್ಡ್ ಲಿಸ್ಟ್ ಮಾಡ್ತಿತ್ತು, ಅದ್ರಲ್ಲಿ ಹೆಸರಿದ್ರೆ ಕಾಂಟ್ರಾಕ್ಟ್ ಮುಗಿದಿದ್ರೂ ಲೀಗ್‌ನ ಬೇರೆ ಕ್ಲಬ್‌ಗೆ ಹೋಗೋ ಹಾಗಿಲ್ಲ. ಸಂಬಳಕ್ಕೂ ಮಿತಿ, 1947ರಲ್ಲಿ ವಾರಕ್ಕೆ 12 ಪೌಂಡ್, ಬೇಸಿಗೇಲಿ 10, ಅದೂ ಮ್ಯಾಕ್ಸಿಮಮ್. ಎಷ್ಟೇ ಚೆನ್ನಾಗಿ ಆಡಿದ್ರೂ ವಾರದ ಸಂಬಳ ಅದಕ್ಕಿಂತ ಮೇಲೆ ಏರೋ ಹಾಗಿಲ್ಲ. 1961ರ ಜನವರೀಲಿ ಮಿತಿ ಹೋಯ್ತು, ರಿಟೈನ್ ಪದ್ಧತಿಗೆ ಕೋರ್ಟಲ್ಲಿ ಪೆಟ್ಟು ಬಿದ್ದಿದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹಮ್ ಅನ್ನೋ ಆಟಗಾರ ಹಾಕಿದ ಕೇಸಲ್ಲಿ. ಬೆಲ್‌ನ ಒಳ್ಳೇ ವರ್ಷಗಳೆಲ್ಲ ಅದಕ್ಕಿಂತ ಮುಂಚೇನೇ ಕಳೆದುಹೋಗಿತ್ತು. ಆತನ ಹೆಚ್ಚುಗಾರಿಕೆ ಕ್ಲಬ್ ಬಿಡದೇ ಇದ್ದಿದ್ದಲ್ಲ, ಒಂಬತ್ತು ಚಳಿಗಾಲ ಅಂಥ ಕೆಸರು ಗ್ರೌಂಡಲ್ಲಿ ಆ ದೇಹ ಪ್ರತಿ ವಾರ ತಯಾರಾಗಿ ನಿಂತಿದ್ದು ಅಂತ ನನ್ನ ಶೀಟ್ ನೋಡಿದ್ಮೇಲೆ ಖಾತ್ರಿ ಆಯ್ತು.

ಈಗ 1955ರ ನಂತರದ ಸಾಲುಗಳು ನಡೀತಿವೆ. 1958ರಲ್ಲಿ ನಾರ್ತ್ ಸೌತ್ ತೆಗೆದು ಹೊಸ ಥರ್ಡ್, ಫೋರ್ತ್ ಡಿವಿಷನ್ ಮಾಡಿದ್ರು, ಮೇಲಿನ ಅರ್ಧದಲ್ಲಿದ್ದೋರಿಗೆ ಮಾತ್ರ ಹೊಸ ಥರ್ಡ್ ಡಿವಿಷನ್, ಅಲ್ಲಿ ಉಳಿಯೋಕೆ ಟ್ರಾನ್‌ಮಿಯರ್ ಕೊನೇ ಮ್ಯಾಚ್ ರೆಕ್ಸಮ್ ಮೇಲೆ ಆಡಿದ್ದು, 19,615 ಜನ ಬಂದಿದ್ರು, 11ನೇ ಸ್ಥಾನ ಸಿಕ್ತು. ಸದ್ಯ ಆ ವಾರದ ಪೇಪರ್‌ಗಳನ್ನೇ ಓದ್ತಿದೀನಿ.