ಆ ಒಂದೂವರೆ ಶೇಕಡಾ ಹಿಡಿಯಲು ನಾನು ಪಟ್ಟ ಪಾಡು

ಜಿರ್ಕೋನಿಯಂ ಮಿಶ್ರಲೋಹ ಹೈಡ್ರೋಜನ್ ಹೀರಿಕೊಂಡರೆ ಒಳಗೆ ಹೈಡ್ರೈಡ್ (ಲೋಹ-ಹೈಡ್ರೋಜನ್ ಸಂಯುಕ್ತ) ಕಟ್ಟಿ ಪೆಡಸಾಗುತ್ತದೆ. ಅಣು ಇಂಧನದ ಕೊಳವೆಗಳು ಇದೇ ಲೋಹದವು. ತುಂಡನ್ನು ಕರಗಿಸಿ ಅಳೆದರೆ ಒಟ್ಟು ಹೈಡ್ರೋಜನ್ ಎಷ್ಟೆಂದು ಗೊತ್ತಾಗುತ್ತದೆ, ಆದರೆ ಎಲ್ಲಿ ಸೇರಿತ್ತು ಅನ್ನೋದು ತುಂಡಿನ ಜೊತೆಗೇ ಹೋಗುತ್ತದೆ. ನನಗೆ ಬೇಕಿದ್ದದ್ದು ಆ 'ಎಲ್ಲಿ'. ಅದಕ್ಕೇ ನ್ಯೂಟ್ರಾನ್ ಇಮೇಜಿಂಗ್, ಅಂದರೆ ತುಂಡಿನ ಮೂಲಕ ನ್ಯೂಟ್ರಾನ್ ಹಾಯಿಸಿ ಚಿತ್ರ ತೆಗೆಯುವ ದಾರಿ, ಹಿಡಿದೆ.

ಎಕ್ಸ್-ರೇಗೆ ಹೈಡ್ರೋಜನ್ ಕಾಣುವುದೇ ಇಲ್ಲ ಅನ್ನಬಹುದು. ನ್ಯೂಟ್ರಾನ್‌ಗೆ ಹಾಗಲ್ಲ. ಹೈಡ್ರೋಜನ್ನಿನ ಕ್ರಾಸ್ ಸೆಕ್ಷನ್ (ಒಂದು ಪರಮಾಣು ನ್ಯೂಟ್ರಾನನ್ನು ಎಷ್ಟು ತಡೆಯುತ್ತದೆ ಅನ್ನೋ ಅಳತೆ; ಅದರ ಮಾನ ಬಾರ್ನ್) ಸುಮಾರು 82 ಬಾರ್ನ್, ಜಿರ್ಕೋನಿಯಂನದು 6.6ರ ಆಸುಪಾಸು. ಆದರೂ 5 ಮಿ.ಮೀ. ದಪ್ಪದ ತುಂಡಿನಲ್ಲಿ ತೂಕದ ಲೆಕ್ಕದಲ್ಲಿ 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಭಾಗ) ಹೈಡ್ರೋಜನ್ ಇದ್ದರೆ, ಹಾದು ಬರುವ ನ್ಯೂಟ್ರಾನ್ ಕಡಿಮೆಯಾಗುವುದು ಹೆಚ್ಚೆಂದರೆ ಸುಮಾರು ಒಂದೂವರೆ ಶೇಕಡಾ. ನನ್ನ ಕಷ್ಟವೆಲ್ಲ ಅಲ್ಲೇ.

ಮೊದಲ ಸಲ ತುಂಡುಗಳನ್ನು ಅಂಟುಟೇಪಿನಿಂದ ನಿಲ್ಲಿಸಿದ್ದೆ. ಚಿತ್ರದಲ್ಲಿ ಹೈಡ್ರೋಜನ್ ಚೆನ್ನಾಗಿ ಕಂಡಿತು, ಆದರೆ ಟೇಪಿನದು! ಅಂಟಿನಲ್ಲೂ, ಪಾಲಿಶ್ ಮಾಡಿದಾಗ ಉಳಿದ ಎಣ್ಣೆಯಲ್ಲೂ ಹೈಡ್ರೋಜನ್ ತುಂಬಿರುತ್ತದೆ ಅಲ್ವಾ. ಈಗ ತೊಳೆದು, ಒಣಗಿಸಿ, ಅಲ್ಯೂಮಿನಿಯಂ ಹಿಡಿಕೆಯಲ್ಲೇ ಇಡುತ್ತೇನೆ. ದಪ್ಪವನ್ನೂ ಹಲವು ಕಡೆ ಅಳೆಯುತ್ತೇನೆ. 5 ಮಿ.ಮೀ.ಯಲ್ಲಿ 0.05 ಮಿ.ಮೀ. ತಪ್ಪಿದರೂ ಲೆಕ್ಕ ಸುಮಾರು 10 ಪಿಪಿಎಂ ಜಾರುತ್ತದೆ.

ಜಾಸ್ತಿ ದಿನ ತಿಂದದ್ದು ಚದುರಿದ ನ್ಯೂಟ್ರಾನ್. ಹೈಡ್ರೋಜನ್ ನ್ಯೂಟ್ರಾನನ್ನು ಹೆಚ್ಚಾಗಿ ನುಂಗುವುದಿಲ್ಲ, ಪಕ್ಕಕ್ಕೆ ಎಸೆಯುತ್ತದೆ. ತುಂಡು ಸಿಂಟಿಲೇಟರ್ ಪರದೆಗೆ (ನ್ಯೂಟ್ರಾನ್ ಬಿದ್ದಲ್ಲಿ ಬೆಳಕು ಚಿಮ್ಮಿ ಚಿತ್ರ ಮೂಡಿಸುವ ಪರದೆ) ಅಂಟಿಕೊಂಡಂತೆ ಇದ್ದರೆ ಎಸೆದದ್ದರಲ್ಲಿ ಒಂದಷ್ಟು ಮತ್ತೆ ಪರದೆಗೇ ಬಂದು ಬೀಳುತ್ತದೆ. ಆಗ ಹೈಡ್ರೋಜನ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ದೂರ ಸರಿಸಿದರೆ ಚಿತ್ರ ಮಸುಕು. ಎಲ್/ಡಿ (ನ್ಯೂಟ್ರಾನ್ ಹೊರಬರುವ ಕಿಂಡಿಯಿಂದ ತುಂಡಿಗಿರುವ ದೂರವನ್ನು ಕಿಂಡಿಯ ಅಗಲದಿಂದ ಭಾಗಿಸಿದ್ದು) 250 ಇದ್ದಾಗ 25 ಮಿ.ಮೀ. ದೂರಕ್ಕೆ ಮಸುಕು 0.1 ಮಿ.ಮೀ. ನನ್ನ ಕೆಲಸಕ್ಕೆ ಅದು ಸಾಕಿತ್ತು, ಹಾಗಾಗಿ ದೂರವನ್ನೇ ಆರಿಸಿಕೊಂಡೆ. ಉಳಿದ ಹಿನ್ನೆಲೆಯನ್ನು ನ್ಯೂಟ್ರಾನ್ ಪೂರ್ತಿ ನುಂಗುವ ಬೋರಾನ್ ಕಾರ್ಬೈಡ್ ಬಿಲ್ಲೆಗಳ ನೆರಳಲ್ಲಿ ಅಳೆದು ಕಳೆದೆ.

ಇಷ್ಟಾದರೂ ಸೂತ್ರ ಹಾಕಿ ಬಂದ ಸಂಖ್ಯೆಯನ್ನು ನಾನು ನಂಬಲಿಲ್ಲ. ಅದೇ ಮಿಶ್ರಲೋಹಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹೈಡ್ರೋಜನ್ ತುಂಬಿ, 400 ಡಿಗ್ರಿಯಲ್ಲಿ ಇಟ್ಟು ಸಮವಾಗಿ ಹರಡಿ, ಪ್ರತಿ ತುಂಡಿನ ಅರ್ಧವನ್ನು ಕರಗಿಸಿ ಅಳೆದೆ. ಉಳಿದರ್ಧವೇ ನನ್ನ ಅಳತೆಗೋಲು. ಅವನ್ನು ಪರೀಕ್ಷೆಯ ತುಂಡಿನ ಪಕ್ಕದಲ್ಲೇ, ಅದೇ ದಪ್ಪದಲ್ಲಿ, ಅದೇ ದೂರದಲ್ಲಿ ನಿಲ್ಲಿಸುತ್ತೇನೆ. ಅವುಗಳ ಹೈಡ್ರೋಜನ್ ಪ್ರಮಾಣಕ್ಕೂ ನ್ಯೂಟ್ರಾನ್ ತಡೆಗೂ ಎಳೆದ ಗೆರೆ ನೇರ ಬರದ ದಿನ ಬೇರೆ ಯಾವ ತುಂಡಿನ ಲೆಕ್ಕವನ್ನೂ ಬರೆದುಕೊಳ್ಳುವುದಿಲ್ಲ.