ಕಣತಲೆಯ ಕಿಟಕಿ

ಮಿದುಳಿನ ರಕ್ತನಾಳ ಒಡೆದು ಐಸಿಯುಗೆ ಬಂದವರಿಗೆ ನಾನು ದಿನಾ ಟಿಸಿಡಿ ಮಾಡುತ್ತೇನೆ. ಪೂರ್ತಿ ಹೆಸರು ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್. ಬುರುಡೆಯ ಹೊರಗಿಂದಲೇ ಒಳಗಿನ ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್. 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು.

ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯಲ್ಲಿ ಮೂಳೆ ತೆಳು. ಅದಕ್ಕೆ ನಾವು ವಿಂಡೋ ಅನ್ನುತ್ತೇವೆ. ಜೆಲ್ ಜಾಸ್ತಿನೇ ಹಚ್ಚಿ, 2 ಮೆಗಾಹರ್ಟ್ಸ್ ಪ್ರೋಬ್ ಇಟ್ಟು, ಆಳ 50 ಮಿಲಿಮೀಟರ್ ಆಸುಪಾಸು ಇಟ್ಟುಕೊಂಡು ಹುಡುಕುತ್ತೇನೆ. ಮೊದಲು ಬರೀ ಗೊರಗೊರ. ಕೈ ಒಂದಿಷ್ಟು ವಾಲಿದರೆ 'ಹುಶ್... ಹುಶ್...' ಅಂತ ನಾಡಿಯ ಸದ್ದು. ಅಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ. ಅಕ್ಕಿಕಾಳಿನಷ್ಟು ಜರುಗಿದರೂ ಸದ್ದು ಮಾಯ. ಇನ್ನೂ ಆಳಕ್ಕೆ, 60-65ರ ಹತ್ತಿರ ಹೋದರೆ ಮೆಷಿನ್ ಪರದೆಯಲ್ಲಿ ಅಲೆ ನಡುಗೆರೆಯ ಮೇಲೂ ಕೆಳಗೂ ಕಾಣುತ್ತದೆ. ನಾಳ ಕವಲೊಡೆಯುವ ಜಾಗ ಅದು. ಅದು ಸಿಕ್ಕರೆ ಸರಿಯಾದ ನಾಳದಲ್ಲೇ ಇದ್ದೇನೆ ಅಂತ ಧೈರ್ಯ. ಕೆಲವರಿಗೆ, ಅದರಲ್ಲೂ ವಯಸ್ಸಾದ ಹೆಂಗಸರಿಗೆ, ವಿಂಡೋ ಸಿಗುವುದೇ ಇಲ್ಲ. ಸುಮ್ನೆ ಒತ್ತಿ ನೋಯಿಸಬಾರದು.

ರಕ್ತಸ್ರಾವವಾದ ನಾಲ್ಕನೇ ದಿನದಿಂದ ಸುಮಾರು ಹದಿನಾಲ್ಕನೇ ದಿನದವರೆಗೆ ನಮಗೆ ಭಯ ಜಾಸ್ತಿ. ಆಗ ನಾಳ ಸೆಟೆದು ಕಿರಿದಾಗಬಹುದು. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ ಅಲ್ವಾ? ಹಾಗೇ ಕಿರಿದಾದ ನಾಳದಲ್ಲಿ ವೇಗ ಏರುತ್ತದೆ. ಸರಾಸರಿ ವೇಗ ಸೆಕೆಂಡಿಗೆ 120 ಸೆಂಟಿಮೀಟರ್ ದಾಟಿದರೆ ನಾವು ಎಚ್ಚರ, 200 ದಾಟಿದರೆ ತುಂಬಾ ಗಂಭೀರ.

ಶುರುವಿನ ದಿನಗಳಲ್ಲಿ ಒಬ್ಬರಿಗೆ 140 ಬಂತು. ಓಡಿಹೋಗಿ ನಮ್ಮ ಸೀನಿಯರ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಕತ್ತಿನಲ್ಲಿ ಎಷ್ಟಿದೆಯಮ್ಮಾ?" ನಾನು ನೋಡಿರಲೇ ಇಲ್ಲ. ವಾಪಸ್ ಹೋಗಿ ದವಡೆಯ ಕೆಳಗೆ ಪ್ರೋಬ್ ಇಟ್ಟೆ. 60. ತಲೆಯ 140ನ್ನು ಕತ್ತಿನ 60ರಿಂದ ಭಾಗಿಸಿದರೆ 2.3. ಮೂರು ದಾಟಿದ್ದರೆ ನಾಳ ಕಿರಿದಾಗಿದೆ ಅನ್ನಬಹುದಿತ್ತು. ಅವರಿಗೆ ಜ್ವರ ಇತ್ತು, ಕತ್ತಿನಿಂದಲೇ ರಕ್ತ ಜೋರಾಗಿ ಹರಿಯುತ್ತಿತ್ತು. ಆವತ್ತಿನಿಂದ ಕತ್ತಿನ ಅಂಕಿ ಇಲ್ಲದೆ ನಾನು ರಿಪೋರ್ಟ್ ಬರೆದಿಲ್ಲ.

ಇನ್ನೊಂದು ವಿಷಯ. ರಕ್ತ ನೇರ ಪ್ರೋಬಿನತ್ತಲೇ ಬರುತ್ತಿದೆ ಅಂತ ಮೆಷಿನ್ ಅಂದುಕೊಳ್ಳುತ್ತದೆ. ಕೋನ ತಪ್ಪಿದರೆ ವೇಗ ಕಡಿಮೆ ತೋರಿಸುತ್ತದೆ. ಅದಕ್ಕೇ ಸಿಕ್ಕ ಮೊದಲ ಸದ್ದಿಗೆ ತೃಪ್ತಿಪಡದೆ ಅತಿ ಹೆಚ್ಚಿನದನ್ನು ಹುಡುಕಬೇಕು. ಮೊದಲ ದಿನ ಒಳ್ಳೆ ಸದ್ದು ಸಿಕ್ಕ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು, ಆಳವನ್ನು ಕೇಸ್ ಶೀಟಿನಲ್ಲಿ ಬರೆಯುತ್ತೇನೆ. ಮರುದಿನ ಡ್ಯೂಟಿಗೆ ಬೇರೆಯವರು ಬಂದರೂ ಅದೇ ಚುಕ್ಕೆಯಿಂದ ಶುರುಮಾಡುತ್ತಾರೆ.