ಕನ್ನಂಬಾಡಿ ನೀರಿಗೂ ನಾಸಾ ಪರದೆ: ಮನೆಯಲ್ಲೇ ಹಾಕಿಕೊಳ್ಳುವುದು ಹೇಗೆ?

ಮಳೆಗಾಲದಲ್ಲಿ ಮಂಡ್ಯದವರು ಪೇಪರ್ ಬಿಡಿಸಿದೊಡನೆ ಹುಡುಕುವುದು ಕೆಆರ್‌ಎಸ್ ಮಟ್ಟ. ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಬಾಹ್ಯಾಕಾಶ ನೌಕೆಯನ್ನು ನೆಲದಿಂದ ಕಾಯುವವರ ಮುಂದಿರುವುದೂ ಇಂಥದ್ದೇ ಪಟ್ಟಿ: ಬ್ಯಾಟರಿ ವೋಲ್ಟೇಜ್, ಇಂಧನ, ಉಷ್ಣತೆ. ದೂರದಿಂದ ಬರುವ ಇಂಥ ಅಳತೆಗಳಿಗೆ ಟೆಲಿಮೆಟ್ರಿ ಎನ್ನುತ್ತಾರೆ.

ಒಂದೊಂದು ಯಾನಕ್ಕೂ ಈ ಅಂಕಿ ತೋರಿಸುವ ಕಂಪ್ಯೂಟರ್ ಪರದೆಯನ್ನು ಮೊದಲಿನಿಂದ ಕಟ್ಟುವುದು ದಂಡ. ಅದಕ್ಕೇ ನಾಸಾದ ಏಮ್ಸ್ ಸಂಶೋಧನಾ ಕೇಂದ್ರ, ನಾಸಾದ್ದೇ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ (ಜೆಪಿಎಲ್) ಜತೆ ಸೇರಿ ‘ಓಪನ್ ಎಂಸಿಟಿ’ ತಂತ್ರಾಂಶ ರೂಪಿಸಿತು. ಇದಕ್ಕೆ ರಾಕೆಟ್ಟೂ ಗೊತ್ತಿಲ್ಲ, ಕಟ್ಟೆಯೂ ಗೊತ್ತಿಲ್ಲ. ಗೊತ್ತಿರುವುದು ಹೆಸರು, ಅಳತೆ, ಹೊತ್ತು ಮಾತ್ರ. ಯಾವ ಕೆಲಸಕ್ಕೆ ಬೇಕಾದರೂ ಒಗ್ಗುವುದು ಅದರಿಂದಲೇ. ಅಪಾಚೆ 2.0 ಪರವಾನಗಿಯಡಿ ಉಚಿತ.

ಲ್ಯಾಪ್‌ಟಾಪ್‌ಗೆ ಮೊದಲು ಕೋಡ್ ಇಳಿಸಿಕೊಳ್ಳುವ ಗಿಟ್ ಮತ್ತು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ ಹಾಕಿಕೊಳ್ಳಿ. ಗಿಟ್‌ಹಬ್‌ನಲ್ಲಿ ನಾಸಾ ಖಾತೆಯಿಂದ ಓಪನ್ ಎಂಸಿಟಿ ಇಳಿಸಿಕೊಂಡು, ಅದೇ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಎನ್‌ಪಿಎಂ ಇನ್‌ಸ್ಟಾಲ್’ (npm install) ಕೊಡಿ. ಅದು ಮುಗಿಯುವಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಆಮೇಲೆ ‘ಎನ್‌ಪಿಎಂ ಸ್ಟಾರ್ಟ್’ (npm start). ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 (localhost:8080) ತೆರೆದರೆ ಕಪ್ಪು ಪರದೆ ಬರುತ್ತದೆ.

ನಿಜವಾದ ಅಂಕಿಗೆ ಆತುರ ಬೇಡ. ‘ಕ್ರಿಯೇಟ್’ ಒತ್ತಿ ‘ಸೈನ್ ವೇವ್ ಜನರೇಟರ್’ ಆರಿಸಿ. ಅಲೆಯಂತೆ ಏರಿಳಿಯುವ ಸುಳ್ಳು ಅಂಕಿ ಹುಟ್ಟಿಸುವುದು ಇದರ ಕೆಲಸ. ಆಫ್‌ಸೆಟ್ (ನಡುಮಟ್ಟ) 110, ಆಂಪ್ಲಿಟ್ಯೂಡ್ (ಅದರಿಂದ ಮೇಲೆ ಕೆಳಗೆ ಹೋಗುವಷ್ಟು) 14, ಪೀರಿಯಡ್ (ಒಂದು ಸುತ್ತಿನ ಸೆಕೆಂಡು) 10 ಎಂದು ತುಂಬಿ. ಗೆರೆ 96ಕ್ಕೂ 124ಕ್ಕೂ ನಡುವೆ ಏರಿಳಿಯುತ್ತದೆ. ಹತ್ತು ಸೆಕೆಂಡಿಗೊಮ್ಮೆ ಕಟ್ಟೆ ತುಂಬಿ, ಇಳಿದು, ಮತ್ತೆ ತುಂಬಿದ ಹಾಗೆ! ರೈತರಿಗೆ ತೋರಿಸಿದರೆ ಬೈಸಿಕೊಳ್ಳುತ್ತೀರಿ. ‘ಡಿಸ್‌ಪ್ಲೇ ಲೇಔಟ್’ ಮಾಡಿಕೊಂಡು ಇದನ್ನು ಅದರೊಳಗೆ ಎಳೆದು ಬಿಟ್ಟರೆ ನಿಮ್ಮ ಕಂಟ್ರೋಲ್ ರೂಂ ಸಿದ್ಧ. ಉಳಿಸಿದ್ದೆಲ್ಲ ಸದ್ಯಕ್ಕೆ ಬ್ರೌಸರಿನೊಳಗೇ ಇರುತ್ತದೆ, ಅದರ ಡೇಟಾ ಅಳಿಸಿದರೆ ಇದೂ ಹೋಯಿತು.

ಸ್ವಂತ ಅಂಕಿ ತರಲು ಜಾವಾಸ್ಕ್ರಿಪ್ಟ್‌ನಲ್ಲಿ ಪುಟ್ಟ ಪ್ಲಗಿನ್, ಅಂದರೆ ತಂತ್ರಾಂಶಕ್ಕೆ ಸಿಕ್ಕಿಸುವ ತುಣುಕು ಕೋಡ್, ಬರೆಯಬೇಕು. ಅದು ಮೂರು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಅಳತೆಯ ಹೆಸರೇನು, ಏಕಮಾನವೇನು? ಹಳೆಯ ಅಂಕಿ ಕೇಳಿದರೆ ಎಲ್ಲಿಂದ ಕೊಡಲಿ? ಹೊಸದು ಬಂದಾಗ ಯಾರಿಗೆ ತಿಳಿಸಲಿ? ಮಟ್ಟ ದಿನಕ್ಕೊಂದೇ ಸಲ ಸಿಗುವುದಾದರೆ ಮೂರನೆಯದನ್ನು ಬಿಟ್ಟರೂ ನಡೆಯುತ್ತದೆ. ಮಿತಿಯನ್ನೂ ಹೇಳಿಕೊಡಬಹುದು. 124.80 ಅಡಿ ಎಂದರೆ ಕಟ್ಟೆ ಭರ್ತಿ. ಅಲ್ಲಿಗೆ ಮುಟ್ಟಿದೊಡನೆ ಅಂಕಿ ಕೆಂಪಾಗುವಂತೆ ಮಾಡಿ.

ನಾನು ಎಡವಿದ್ದು ಗಂಟೆಯ ಲೆಕ್ಕದಲ್ಲಿ. ಈ ತಂತ್ರಾಂಶ ಹೊತ್ತನ್ನು ಲೆಕ್ಕ ಹಾಕುವುದು ಯುಟಿಸಿ, ಅಂದರೆ ಗ್ರೀನಿಚ್ ಸಮಯದಲ್ಲಿ. ನಾನು ನಮ್ಮ ಗಡಿಯಾರದ ಹೊತ್ತನ್ನೇ ಯುಟಿಸಿ ಎಂದು ಕೊಟ್ಟುಬಿಟ್ಟಿದ್ದೆ. ಅಂಕಿಗಳೆಲ್ಲ ಐದೂವರೆ ಗಂಟೆ ಮುಂದೆ ಹೋಗಿ ಕೂತಿದ್ದವು, ಪರದೆ ಖಾಲಿ. ರಾತ್ರಿಯೆಲ್ಲ ಪ್ಲಗಿನ್ನಿನಲ್ಲಿ ತಪ್ಪು ಹುಡುಕಿದೆ. ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳೂ ನಡೆಯುವುದು ಗ್ರೀನಿಚ್ ಸಮಯದಲ್ಲೇ. ನೆಲದ ತಂಡಗಳು ಒಂದೊಂದು ದೇಶದಲ್ಲಿದ್ದಾಗ ಬೇರೆ ದಾರಿಯಿಲ್ಲ. ಹಾಗಾಗಿ ಬೆಳಿಗ್ಗೆ 6ರ ಮಟ್ಟ ಪರದೆಯ ಮೇಲೆ 00:30 ಎಂದು ಕಂಡರೆ ಕೈ ಹಾಕಬೇಡಿ, ಅದು ಸರಿಯಾಗೇ ಇದೆ.